ಪಟ್ಟಿಯ ಮೇಲಿನ ಸಹಿ

ಫೆಬ್ರವರಿ 9

ಅಕ್ಕನವರಿಗೆ ನಮಸ್ಕಾರಗಳು.

ನಾನು ಯಾರೆಂದು ನಿಮಗೆ ತಿಳಿದಿರಲಾರದು. ಕಾದಂಬರಿ ಬರೆದು ಹೊಟ್ಟೆ ಹೊರೆಯುವವನು. ಬಾಕ್ಸಿಂಗ್ ಕಣದಲ್ಲಿ ಬಂಡೆ ಎಂದೇ ಹೆಸರಾಗಿದ್ದ ನಿಮ್ಮ ತಮ್ಮನವರ ಜೀವನವನ್ನು ಈಗ ಕಾದಂಬರಿ ಮಾಡುತ್ತಿದ್ದೇನೆ. ವಾರಪತ್ರಿಕೆಯೊಂದು ಅದನ್ನು ಧಾರಾವಾಹಿಯಾಗಿ ಹಾಕಲು ಒಪ್ಪಿದೆ. ಸಿಡಿಲಿನಂತೆ ಬಾಳಿ ಸಿಡಿಲಿನಂತೆ ಮಡಿದ ಇಂಥವರ ಕಥೆಯನ್ನು ಈವರೆಗೆ ಯಾರೂ ಬರೆದಿಲ್ಲವೆಂಬುದೇ ನನಗೆ ಸೋಜಿಗ.

ಹಳೆಯ ಪತ್ರಿಕೆಗಳನ್ನೆಲ್ಲ ತಿರುವಿ ಹಾಕಿದ್ದೇನೆ. ಇಪ್ಪತ್ತೆಂಟು ವರ್ಷದ ಹಿಂದೆ ಎಡಚನೆಂಬ ಎದುರಾಳಿಯ ಏಟಿಗೆ ಏಳನೇ ಸುತ್ತಿನಲ್ಲಿ ಬಿದ್ದರು, ಮಾರನೆಯ ದಿನ ತೀರಿಕೊಂಡರು, ರೆಫರಿ "ನಿಯಮಬದ್ಧ ಹೊಡೆತ" ಎಂದು ಬರೆದ. ಎಲ್ಲ ಪತ್ರಿಕೆಯಲ್ಲೂ ಇಷ್ಟೇ. ಅದರಲ್ಲಿ ರಕ್ತವಿಲ್ಲ, ಉಸಿರಿಲ್ಲ. ಆ ಸಂಜೆ ನೀವು ಸುತ್ತು ಸುತ್ತಿನ ನಡುವೆ ಆರೈಕೆಗೆಂದು ಅವರ ಮೂಲೆಯಲ್ಲೇ ನಿಂತಿದ್ದಿರಿ ಎಂದು ಕೇಳಿಬಲ್ಲೆ. ಕಂಡದ್ದನ್ನು ಬರೆದು ಕಳಿಸಿದರೆ ಉಪಕಾರ ಮರೆಯುವುದಿಲ್ಲ.

ನಿಮ್ಮ ವಿಶ್ವಾಸಿ,
ಕಾದಂಬರಿಕಾರ


ಫೆಬ್ರವರಿ 20

ಲೇಖಕರಿಗೆ,

ಪತ್ರ ಬಂದು ವಾರವಾಯಿತು. ಶಾಲೆಯ ಸಮವಸ್ತ್ರದ ರಾಶಿ ಮಿಷಿನ್ನಿನ ಮುಂದೆ ಬಿದ್ದಿತ್ತು, ಅದನ್ನು ಹೊಲಿದು ಮುಗಿಸಿ ಕೂತಿದ್ದೇನೆ. ಸಿಡಿಲು ಗಿಡಿಲು ಎಂದು ಬರೆದಿದ್ದೀರಿ. ನನ್ನ ತಮ್ಮ ಹಗಲು ಲಾರಿಗೆ ಮೂಟೆ ಹೊರುತ್ತಿದ್ದ, ಸಂಜೆ ಏಟು ತಿನ್ನುತ್ತಿದ್ದ. ಸಿಡಿಲಾಗಲು ಅವನಿಗೆ ಪುರಸೊತ್ತು ಎಲ್ಲಿತ್ತು?

ರಕ್ತ ಬೇಕು ಎಂದಿರಲ್ಲ, ತೆಗೆದುಕೊಳ್ಳಿ. ಐದನೇ ಸುತ್ತಿಗೆ ಅವನ ಹುಬ್ಬು ಸೀಳಿ ಚರ್ಮ ಕಣ್ಣಿನ ಮೇಲೆ ಜೋತುಬಿದ್ದಿತ್ತು. ಅದನ್ನು ಮೇಲಕ್ಕೆತ್ತಿ ಹೆಬ್ಬೆರಳಲ್ಲಿ ಒತ್ತಿ ಹಿಡಿದೆ. "ಸಾಕು ಕಣೋ, ಕೈ ಎತ್ತಿಬಿಡು" ಅಂದೆ. "ಅಕ್ಕಾ, ನೀನು ನಿನ್ನ ಬಕೀಟು ನೋಡ್ಕೋ" ಅಂದ. ಅದೇ ಅವನ ಕೊನೆಯ ಮಾತು. ಏಳನೇ ಸುತ್ತಿನಲ್ಲಿ ಎಡಚನ ಎಡಗೈ ಕಪಾಲಕ್ಕೆ ಬಿತ್ತು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ ಸದ್ದು. ಬೀಳುವಾಗ ಹಿಂದಲೆ ಕಣದ ಹಲಗೆಗೆ ಹೊಡೆಯಿತು. ಮೂಗಿನಿಂದ ಇಳಿದ ರಕ್ತ ನೀರು ನೀರಾಗಿತ್ತು. ಕಣ್ಣು ನೆಟ್ಟಿತ್ತು, ಒಂದು ಕಾಲು ಮಾತ್ರ ಹಲಗೆಯನ್ನು ಒದೆಯುತ್ತಲೇ ಇತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಇನ್ನೊಂದು ವಿಷಯ, ಯಾವ ಪತ್ರಿಕೆಯಲ್ಲೂ ಬಂದಿಲ್ಲ. ನಮ್ಮ ಆಟದಲ್ಲಿ ಒಂದು ಕಟ್ಟಳೆಯಿದೆ. ಗ್ಲೌಸು ಹಾಕುವ ಮುಂಚೆ ಮುಷ್ಟಿಗೆ ಪಟ್ಟಿ ಸುತ್ತುತ್ತಾರಲ್ಲ, ಆಗ ಎದುರು ಕಡೆಯವರೊಬ್ಬರು ಹೋಗಿ ಪಕ್ಕದಲ್ಲಿ ನಿಂತು ಮೊದಲಿನಿಂದ ಕೊನೆಯವರೆಗೆ ನೋಡಬೇಕು. ಪಟ್ಟಿಯೊಳಗೆ ಗಟ್ಟಿ ವಸ್ತು ಏನಾದರೂ ಸೇರಿಸಿದರೆ ಅದು ಕೈಯಲ್ಲ, ಸುತ್ತಿಗೆ. ನೋಡಿ, ಗೆಣ್ಣು ಒತ್ತಿ, ಸರಿಯಿದ್ದರೆ ಪಟ್ಟಿಯ ಮೇಲೆ ಸಹಿ ಹಾಕಬೇಕು. ಅವತ್ತು ನಮ್ಮ ಕಡೆಯಿಂದ ಹೋದವಳು ನಾನು. ಎಡಚನ ಗುರು, ಮೇಷ್ಟ್ರು ಅನ್ನುತ್ತಿದ್ದರು ಅವರನ್ನು, ಸುತ್ತುತ್ತಿದ್ದರು. ಕಣ್ಣು ಮಿಟುಕಿಸದೆ ನೋಡಿದೆ. ಬರೀ ಬಟ್ಟೆ. ಎರಡು ಕೈಗೂ ನಾನೇ ಸಹಿ ಹಾಕಿದೆ.

ಬಂಡೆಯ ಮಗ ಗುಂಡನಿಗೆ ನಾನು ಇದನ್ನು ಹೇಳಿಲ್ಲ. ಅವರಮ್ಮ ಬೇರೆ ಮದುವೆಯಾಗಿ ಹೋದಾಗ ಇನ್ನೂ ತೊಟ್ಟಿಲಲ್ಲಿದ್ದ, ಸಾಕಿದವಳು ನಾನು. "ಅಷ್ಟು ಹತ್ರ ಇದ್ದು ಅತ್ತೆ ಆಟ ನಿಲ್ಲಿಸಲಿಲ್ಲ ಯಾಕೆ" ಎಂದು ಕೇಳುತ್ತಾನೆಂಬ ಭಯ. ಮನೆಯಲ್ಲಿ ಆ ಸಂಜೆಯ ಸುದ್ದಿಯನ್ನೇ ಎತ್ತುವುದಿಲ್ಲ.

ಇದ್ದದ್ದು ಇದ್ದ ಹಾಗೆ ಬರೆಯಿರಿ. ಸಪ್ಪೆ ಮಾಡಿದರೆ ನಾನೇ ಬಂದು ಬಡಿಯುತ್ತೇನೆ.

ಬಂಡೆಯ ಅಕ್ಕ


ಮಾರ್ಚ್ 6

ಪ್ರೀತಿಯ ಅಕ್ಕಾ,

ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದೆ. ಆ ಹೆಬ್ಬೆರಳು, ಆ ಬಕೀಟು! ಹತ್ತು ವರ್ಷ ಕೂತು ಕಲ್ಪಿಸಿದರೂ ನನಗೆ ಹೊಳೆಯುತ್ತಿರಲಿಲ್ಲ. ಮೊದಲ ಅಧ್ಯಾಯ ಈ ವಾರ ಅಚ್ಚಾಗಿದೆ, ಪ್ರತಿ ಕಳಿಸಿದ್ದೇನೆ. ದಯವಿಟ್ಟು ನನ್ನನ್ನು ನೀನು ಎಂದೇ ಕರೆಯಿರಿ.

ಒಂದೇ ಕಡೆ ಗಾಡಿ ನಿಂತುಬಿಟ್ಟಿದೆ. ಸಂಪಾದಕರು ನಿನ್ನೆ ಕರೆಸಿ ಕೇಳಿದರು: "ಅಲ್ರೀ, ಇಷ್ಟು ದೊಡ್ಡ ಮನುಷ್ಯ ಸುಮ್ನೆ ಒಂದು ಏಟಿಗೆ ಸತ್ತ ಅಂದ್ರೆ ಓದೋರು ಒಪ್ತಾರಾ? ಕಾರಣ ಏನು?" ಕಾರಣವಿಲ್ಲ ಎಂದೆ. "ಹಾಗಾದ್ರೆ ಅದು ಸುದ್ದಿ, ಕಾದಂಬರಿ ಅಲ್ಲ" ಅಂದರು. ಮಾತು ಕಟುವಾದರೂ ಸುಳ್ಳಲ್ಲ ಅಕ್ಕಾ. ನಡೆದದ್ದು ಮೂಳೆ. ಅದಕ್ಕೆ ಮಾಂಸ ತುಂಬುವವನು ಬರೆಯುವವನು. ಮೂಳೆಯನ್ನಷ್ಟೇ ತಟ್ಟೆಯಲ್ಲಿಟ್ಟರೆ ಯಾರು ಮುಟ್ಟುತ್ತಾರೆ?

ಆದ್ದರಿಂದ ಪಟ್ಟಿ ಸುತ್ತುವ ಪ್ರಸಂಗದಲ್ಲಿ ಕೊಂಚ ಕೈಯಾಡಿಸಬೇಕೆಂದಿದ್ದೇನೆ. ಅಲ್ಲಿ ನೀವೂ ಇದ್ದುದರಿಂದ ನಿಮ್ಮ ಒಪ್ಪಿಗೆ ಬೇಕು. ಹೆಸರುಗಳನ್ನೆಲ್ಲ ಬದಲಿಸುತ್ತೇನೆ, ಚಿಂತೆ ಬೇಡ.

ನಿಮ್ಮ ತಮ್ಮನಂಥವನು


ಮಾರ್ಚ್ 19

ತಮ್ಮಾ,

ನೀನೇ ಹೇಳಿದ ಮೇಲೆ ನೀನು ಎಂದೇ ಕರೆಯುತ್ತೇನೆ. ಗುಂಡ ಪತ್ರಿಕೆಯನ್ನು ತಾನೇ ಕೊಂಡು ತರುತ್ತಾನೆ, ನೀನು ಕಳಿಸಿದ್ದು ಸಾಲದಂತೆ. ಐಸ್ ಕಾರ್ಖಾನೆಯಿಂದ ಬಂದವನೇ ಕೈಕಾಲೂ ತೊಳೆಯದೆ ಗಟ್ಟಿಯಾಗಿ ಓದುತ್ತಾನೆ. ಆಡಿದರೆ ಮುತ್ತು ಉದುರೀತು ಎನ್ನುವ ಜಾತಿ ಅವನದು, ಈಗ ನೋಡಿದರೆ ಅಪ್ಪನ ಪುರಾಣಕ್ಕೆ ಬಾಯಿಗೆ ಬೀಗವೇ ಇಲ್ಲ. "ಅತ್ತೆ, ಅಪ್ಪ ನಿಜವಾಗ್ಲೂ ಹಲ್ಲು ಉಗಿದು ಮತ್ತೆ ಹೊಡೆಯೋಕೆ ಹೋದ್ನಾ?" ಎಂದು ಕೇಳಿದ. ಹೌದಪ್ಪಾ, ಅದು ನಿಜ. ಆ ಹಲ್ಲು ಮೊದಲ ಸಾಲಿನಲ್ಲಿದ್ದ ಒಬ್ಬನ ಲೋಟದೊಳಗೆ ಬಿದ್ದಿತ್ತು, ಆ ಪುಣ್ಯಾತ್ಮ ನೋಡದೆ ಅರ್ಧ ಕುಡಿದಿದ್ದ. ಇದನ್ನೂ ಬೇಕಾದರೆ ಸೇರಿಸಿಕೋ.

ಪಟ್ಟಿಯ ಪ್ರಸಂಗದಲ್ಲಿ ಕೈಯಾಡಿಸುತ್ತೇನೆ ಎಂದರೆ ನನ್ನನ್ನು ತೆಗೆಯುವುದು ತಾನೆ, ಧಾರಾಳವಾಗಿ ತೆಗಿ. ಗಂಡಸರ ಕೋಣೆಯಲ್ಲಿ ಹೆಂಗಸು ನಿಂತಿದ್ದಳು ಎಂದು ಓದಿ ಯಾರಾದರೂ ಮೂಗು ಮುರಿಯುವುದು ಬೇಡ. ಗುಂಡನಿಗೂ ತಿಳಿಯದಿದ್ದರೆ ನನಗೂ ನೆಮ್ಮದಿ. ನನ್ನ ಜಾಗದಲ್ಲಿ ಯಾರನ್ನಾದರೂ ನಿಲ್ಲಿಸಿಕೋ.

ಎಡಚ ಇದೇ ಊರಲ್ಲಿದ್ದಾನೆ. ಮಾರುಕಟ್ಟೆಯ ಹಿಂದೆ ಬೀಗ ರಿಪೇರಿಯ ಅಂಗಡಿ. ಹೋದ ವರ್ಷ ನಮ್ಮ ಬಾಗಿಲ ಬೀಗ ಕೆಟ್ಟಾಗ ಬಂದಿದ್ದ. ತಲೆ ಎತ್ತದೆ ಕೆಲಸ ಮಾಡಿ ಎದ್ದುಹೋದ. ಪಾಪದ ಮನುಷ್ಯ.

ನಿನ್ನ ಅಕ್ಕ


ಮೇ 2

ತಮ್ಮಾ,

ಏನು ಮಾಡಿಬಿಟ್ಟೆ ನೀನು?

ನಾನು ಹೇಳಿದ್ದು ನನ್ನನ್ನು ತೆಗಿ ಎಂದು. ನಡೆದದ್ದನ್ನೇ ತೆಗಿ ಎಂದಲ್ಲ. ಗುಂಡ ಓದುತ್ತಿದ್ದ, ನಾನು ಗುಂಡಿ ಹಚ್ಚುತ್ತಾ ಕೇಳುತ್ತಿದ್ದೆ. "ಮೇಷ್ಟ್ರು ಮುರಿದ ಮೂಳೆಗೆ ಹಾಕುವ ಪ್ಲಾಸ್ಟರ್ ಪುಡಿಯನ್ನು ಕಲಸಿ ಪಟ್ಟಿಯ ಪದರಗಳೊಳಗೆ ಸವರಿದರು. ಕಾವಲಿಗೆ ಬಂದಿದ್ದ ಸೋದರಮಾವ ಕುಡಿದ ಅಮಲಿನಲ್ಲಿ ನೋಡದೆಯೇ ಸಹಿ ಗೀಚಿದ. ಏಳನೇ ಸುತ್ತಿನ ಹೊತ್ತಿಗೆ ಆ ಮುಷ್ಟಿ ಕಲ್ಲಾಗಿತ್ತು." ಸೂಜಿ ಬೆರಳಿಗೆ ನೆಟ್ಟಿದ್ದೂ ನನಗೆ ಗೊತ್ತಾಗಲಿಲ್ಲ. ಹೆಸರು ಬದಲಿಸಿದ್ದೀಯಂತೆ. ಬೀಗದ ಅಂಗಡಿಯ ಎಡಗೈಯವನು ಯಾರೆಂದು ಈ ಊರಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು.

ಗುಂಡ ಪತ್ರಿಕೆ ಮಡಿಸಿಟ್ಟು ಕೇಳಿದ: "ಇದು ನಿಜಾನಾ ಅತ್ತೆ?"

"ಕಥೆ ಕಣೋ. ರಂಗಾಗ್ಲಿ ಅಂತ ಸೇರಿಸಿರ್ತಾರೆ."

"ಹಲ್ಲು ಉಗಿದಿದ್ದು ನಿಜ ಅಂದೆ. ಬಕೀಟು ನಿಜ ಅಂದೆ. ಇದು ಮಾತ್ರ ಯಾಕೆ ಕಥೆ? ಪಟ್ಟಿ ಸುತ್ತುವಾಗ ನಮ್ಮ ಕಡೆಯಿಂದ ಯಾರು ನೋಡಿದ್ದು?"

ಆಗಲೇ ಹೇಳಬೇಕಾಗಿತ್ತು. "ಯಾರೋ, ನೆನಪಿಲ್ಲ" ಅಂದುಬಿಟ್ಟೆ. ಅವನು ಊಟ ಮಾಡದೆ ಎದ್ದುಹೋದ. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ.

ಮುಂದಿನ ವಾರದ ಸಂಚಿಕೆಯಲ್ಲಿ ಅದು ನೀನೇ ಕಟ್ಟಿದ್ದು ಎಂದು ನಾಲ್ಕು ಸಾಲು ಹಾಕು. ತಪ್ಪಿಸಬೇಡ.

ಅಕ್ಕ


ಮೇ 10

ಪ್ರೀತಿಯ ಅಕ್ಕಾ,

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಕಾದಂಬರಿಯೇನು ಕೋರ್ಟೇ? ಕಾದಂಬರಿಯ ಮೊದಲಲ್ಲೇ "ಇಲ್ಲಿ ಕಲ್ಪನೆಯೂ ಬೆರೆತಿದೆ" ಎಂದು ಅಚ್ಚಾಗಿದೆ. ಬೆರೆತದ್ದು ಎಲ್ಲಿ, ಎಷ್ಟು ಎಂದು ಬೊಟ್ಟು ಮಾಡಿ ತೋರಿಸುತ್ತಾ ಹೋದರೆ ಅಡುಗೆಯವನು ಎಲೆಯ ಮುಂದೆ ನಿಂತು ಉಪ್ಪಿನ ಲೆಕ್ಕ ಒಪ್ಪಿಸಿದ ಹಾಗಾಗುತ್ತದೆ. ಉಣ್ಣುವವನ ಬಾಯಿ ರುಚಿಯೇ ಕೆಡುತ್ತದೆ.

ನೀವೇ ಒಪ್ಪಿಗೆ ಕೊಟ್ಟಿದ್ದಿರಿ. "ಯಾರನ್ನಾದರೂ ನಿಲ್ಲಿಸಿಕೋ" ಎಂದ ನಿಮ್ಮ ಪತ್ರ ನನ್ನ ಮೇಜಿನ ಮೇಲೇ ಇದೆ. ಎಡಚನನ್ನೂ ನಾನು ಕೆಟ್ಟವನನ್ನಾಗಿ ಮಾಡಿಲ್ಲ, ಗಮನಿಸಿ. ಪಟ್ಟಿಯೊಳಗೆ ಏನಿತ್ತೆಂದು ಅವನಿಗೇ ಗೊತ್ತಿರಲಿಲ್ಲವೆಂದು ಮುಂದಿನ ತಿಂಗಳ ಅಧ್ಯಾಯದಲ್ಲಿ ಬರುತ್ತದೆ. ತಪ್ಪೆಲ್ಲ ಮೇಷ್ಟ್ರದು.

ಪತ್ರಿಕೆಯ ಪ್ರಸಾರ ಏರಿದೆ. ಆ ಅಧ್ಯಾಯ ಓದಿ ಜನ ಅಳುತ್ತಿದ್ದಾರೆ. ನಿಮ್ಮ ತಮ್ಮ ಮತ್ತೆ ಬದುಕಿದ್ದಾರೆ ಅಕ್ಕಾ. ಹುಡುಗ ನಾಲ್ಕು ದಿನ ಮುನಿಸಿಕೊಂಡು ಸರಿಹೋಗುತ್ತಾನೆ.

ನಿಮ್ಮ ತಮ್ಮ


ಮೇ 17

ಮುಂದಿನ ತಿಂಗಳವರೆಗೆ ಕಾಯಲು ಗುಂಡನಿಗೆ ಬಿಡುವಿರಲಿಲ್ಲ.

ಮೊನ್ನೆ ಮಧ್ಯಾಹ್ನ ಕಾರ್ಖಾನೆಯಿಂದ ನೇರ ಎಡಚನ ಅಂಗಡಿಗೆ ಹೋಗಿದ್ದಾನೆ. ಕೈಯಲ್ಲಿ ಐಸ್ ಗಡ್ಡೆ ಎಳೆಯುವ ಕೊಕ್ಕೆ. "ಪಟ್ಟಿ ಒಳಗೆ ಏನಿತ್ತು?" ಎಂದು ಕೇಳಿದನಂತೆ. "ಏನೂ ಇರಲಿಲ್ಲಪ್ಪಾ" ಅಂದನಂತೆ ಎಡಚ. ಕೊಕ್ಕೆಯನ್ನು ಅವನ ಭುಜಕ್ಕೆ ಹಾಕಿ ಎಳೆದು ಮೇಜಿನ ಮೇಲೆ ಕೆಡವಿದ್ದಾನೆ. ಬೀಗದ ಕೈ ಅರೆಯುವವರ ಮೇಜಿನಲ್ಲಿ ಹಿಡಿದು ಬಿಗಿಸುವ ಕಬ್ಬಿಣದ ವೈಸ್ ಇರುತ್ತದಲ್ಲ, ಅದರ ಬಾಯಿಗೆ ಎಡಚನ ಎಡಗೈ ಇಟ್ಟು ತಿರುಗಿಸಿದ್ದಾನೆ. ಒಂದು ಸುತ್ತು ತಿರುಗಿಸುವುದು, ಒಂದು ಸಲ ಕೇಳುವುದು. "ಏನಿತ್ತು?" ಮತ್ತೆ ತಿರುಗಿಸುವುದು. ಬೆರಳ ಮೂಳೆ ಮುರಿಯುವ ಸದ್ದು ಎದುರಿನ ಚಹಾ ಅಂಗಡಿಗೆ ಕೇಳಿಸಿತಂತೆ. ಜನ ಸೇರಿ ಬಿಡಿಸುವ ಹೊತ್ತಿಗೆ ಹೆಬ್ಬೆರಳು ಬಿಟ್ಟು ಮಿಕ್ಕದ್ದೆಲ್ಲ ಜಜ್ಜಿಹೋಗಿತ್ತು. ನಾಲ್ಕು ಬೆರಳನ್ನೂ ಆಸ್ಪತ್ರೆಯಲ್ಲಿ ತೆಗೆದುಹಾಕಿದರು.

ಗುಂಡ ಠಾಣೆಯಲ್ಲಿದ್ದಾನೆ. ನೋಡಲು ಹೋದೆ. ಅಂಗಿಯ ತೋಳಿನಲ್ಲಿ ರಕ್ತ ಒಣಗಿ ರಟ್ಟಾಗಿತ್ತು. "ಅಪ್ಪನ ಲೆಕ್ಕ ಚುಕ್ತಾ ಮಾಡ್ದೆ ಅತ್ತೆ" ಅಂದ. ನಗುತ್ತಿದ್ದ ತಮ್ಮಾ.

ರುಚಿ ಕೆಡುತ್ತದೆ ಎಂದೆಯಲ್ಲ, ಈಗ ಹೇಗಿದೆ ರುಚಿ?


ಮೇ 29

ಅಕ್ಕಾ,

ಪತ್ರವನ್ನು ಮೂರು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ನನ್ನ ಕೋಣೆಯಲ್ಲಿ ಕೂತು ಒಂದು ಪುಡಿ ಕಲಸಿದೆ, ಅಷ್ಟೇ. ಅದು ಇಷ್ಟು ದೂರ ಹೋಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ನಾನು ಬರುತ್ತೇನೆ. ಠಾಣೆಯಲ್ಲಿ, ಕೋರ್ಟಿನಲ್ಲಿ, ಎಲ್ಲಿ ಬೇಕಾದರೂ ನಿಂತು ಅದು ನನ್ನ ಕಲ್ಪನೆ ಎಂದು ಹೇಳುತ್ತೇನೆ. ಪತ್ರಿಕೆಗೂ ತಪ್ಪೊಪ್ಪಿಗೆ ಬರೆದು ಇಟ್ಟಿದ್ದೇನೆ. ಆ ಮನುಷ್ಯನ ಮರ್ಯಾದೆಯನ್ನಾದರೂ ಉಳಿಸೋಣ. ನೀವು ಹೂಂ ಅನ್ನಿ, ಹೊರಟುಬರುತ್ತೇನೆ.

ನಿಮ್ಮ ತಮ್ಮ


ಜೂನ್ 8

ತಮ್ಮಾ,

ಬರಬೇಡ. ಪತ್ರಿಕೆಗೂ ಏನೂ ಕೊಡಬೇಡ.

ವಕೀಲರನ್ನು ಕಂಡೆ. ಅವರು ಹೇಳಿದ್ದು ಇಷ್ಟು: "ನೋಡಿ ಅಮ್ಮಾ, ಅಪ್ಪನ್ನ ಮೋಸದಿಂದ ಕೊಂದ್ರು ಅಂತ ಗೊತ್ತಾಗಿ ಮಗ ಕೈ ಮಾಡ್ದ ಅಂದ್ರೆ ಜಡ್ಜೂ ಮನುಷ್ಯನೇ, ಕರಗ್ತಾರೆ. ಅದೆಲ್ಲ ಕಟ್ಟುಕಥೆ ಅಂತಾದ್ರೆ ಇವನು ಬರೀ ರೌಡಿ. ಹತ್ತು ವರ್ಷ ಒಳಗೆ."

ಹತ್ತು ವರ್ಷ! ಈಗಲೇ ಮೂವತ್ತರ ಹತ್ತಿರ. ಹೊರಗೆ ಬರುವಾಗ ನಾನಿರುತ್ತೇನೋ ಇಲ್ಲವೋ. ಬಂಡೆಯನ್ನು ಹಲಗೆಯ ಮೇಲಿಂದ ಎತ್ತಿಕೊಂಡು ಬಂದ ಕೈ ಇದು. ಇವನನ್ನೂ ಕೈಯಾರೆ ಕಳೆದುಕೊಳ್ಳಲಾರೆ.

ಕಾಲಿಗೆ ಬೀಳುತ್ತೇನೆ. ಯಾರಾದರೂ ಕೇಳಿದರೆ ಅದು ನಿಜ ಎಂದುಬಿಡು. ಯಾರು ಹೇಳಿದರು ಎಂದರೆ ತೀರಿಕೊಂಡವರ ಹೆಸರು ಹೇಳು. ನೋಡಿದವಳು ನಾನು ಎಂದು ನಾನಾಗಿ ಬಾಯಿ ಬಿಡುವುದಿಲ್ಲ. ಎಡಚನ ಬೆರಳು ಹೇಗೂ ಹೋದವು, ಸತ್ಯ ಹೇಳಿದರೆ ಮತ್ತೆ ಚಿಗುರುತ್ತವೆಯೇ? ಮೂರು ತಿಂಗಳ ಹಿಂದೆ ಇದ್ದದ್ದು ಇದ್ದ ಹಾಗೆ ಬರಿ ಎಂದವಳು ಇವಳೇನಾ ಎಂದು ನಿನಗನ್ನಿಸಬಹುದು. ಅನ್ನಿಸಲಿ.

ನಿನ್ನ ಅಕ್ಕ


ಜೂನ್ 21

ಅಕ್ಕಾ,

ನಿಮ್ಮ ಮಾತು ಮೀರಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. ದಿನಪತ್ರಿಕೆಯವನೊಬ್ಬ ಬಂದು ಪ್ಲಾಸ್ಟರಿನ ಸಂಗತಿ ನಿಜವೇ ಎಂದು ನೇರವಾಗಿ ಕೇಳಿದ. "ನನ್ನ ಕಾದಂಬರಿಯಲ್ಲಿ ಬುಡವಿಲ್ಲದ ಮಾತು ಒಂದೂ ಇಲ್ಲ. ಯಾರು ಹೇಳಿದರೆಂಬುದನ್ನು ಮಾತ್ರ ಕೇಳಬೇಡಿ" ಎಂದೆ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಎನ್ನುತ್ತೀರೇನೋ. ಎರಡೂ ಕಡೆಗೆ ಬೆಳಕು ಬೀಳಲೆಂದೇ ಇಟ್ಟದ್ದು. ಆದರೆ ಮರುದಿನ ಅವನು ಹಾಕಿದ ತಲೆಬರಹ: "ಬಂಡೆಯ ಸಾವು ಕೊಲೆಯೇ: ಲೇಖಕರ ಖಚಿತ ನುಡಿ."

ಖಚಿತ ಎಂಬ ಪದ ನನ್ನದಲ್ಲ. ತಿದ್ದುಪಡಿ ಕೇಳೋಣವೆಂದಿದ್ದೆ. ನಿಮ್ಮ ಪತ್ರ ನೆನಪಾಗಿ ಸುಮ್ಮನಾದೆ.

ನಿಮ್ಮ ತಮ್ಮ


ಜುಲೈ 30

ತಮ್ಮಾ,

ಗುಂಡ ಮನೆಗೆ ಬಂದ. ಬಿಡುಗಡೆಯಾಯಿತು!

ಹೇಗೆ ಎಂದು ಕೇಳು. ಎಡಚನ ಹತ್ತಿರ ಹೋಗಿದ್ದೆ, ಕೈಕಾಲು ಹಿಡಿದು ಬೇಡೋಣವೆಂದು. ಮಂಚದ ಮೇಲೆ ಕೂತಿದ್ದ. ಬಟ್ಟೆ ಸುತ್ತಿದ ಕೈ ತೊಡೆಯ ಮೇಲಿತ್ತು, ಪಕ್ಕದಲ್ಲಿ ನಿನ್ನ ಅಧ್ಯಾಯಗಳ ಕಟ್ಟು. ನಾನು ಬಾಯಿ ತೆರೆಯುವ ಮೊದಲೇ ಅವನು ಕೇಳಿದ:

"ಅಮ್ಮಾ, ಪಟ್ಟಿ ಸುತ್ತುವಾಗ ಪಕ್ಕದಲ್ಲಿ ನಿಂತಿದ್ದೋರು ನೀವು. ನಿಮ್ಮನ್ನ ಬಿಟ್ರೆ ಯಾರನ್ನ ಕೇಳ್ಲಿ? ಓದ್ತಾ ಓದ್ತಾ ನಂಗೇ ಅನುಮಾನ ಬಂದ್ಬಿಟ್ಟಿದೆ. ಅವತ್ತು ಕೈ ಭಾರ ಇತ್ತು ಅನ್ಸುತ್ತೆ. ಮೇಷ್ಟ್ರು ಏನಾದ್ರೂ ಹಾಕಿದ್ರಾ?"

ತಮ್ಮಾ, ಅವನ ಕಣ್ಣಲ್ಲಿ ಆಸೆಯಿತ್ತು. ಇಪ್ಪತ್ತೆಂಟು ವರ್ಷ ತನ್ನ ಕೈಯೇ ಒಬ್ಬನನ್ನು ಕೊಂದಿತೆಂದು ಕೊರಗಿದವನು. ಮೇಷ್ಟ್ರ ಪುಡಿ ಕೊಂದಿತು ಎಂದರೆ ಅವನಿಗೂ ಬಿಡುಗಡೆ, ನನ್ನ ಗುಂಡನಿಗೂ ಬಿಡುಗಡೆ. "ನಾನು ಪೂರ್ತಿ ನೋಡಲಿಲ್ಲ ಕಣಪ್ಪಾ" ಅಂದೆ. "ಮಧ್ಯೆ ನನ್ನ ತಮ್ಮ ಕೂಗಿದ ಅಂತ ಆಚೆ ಹೋಗಿದ್ದೆ. ವಾಪಸ್ ಬರುವಾಗ ಮೇಷ್ಟ್ರು ಕೈ ತೊಳೀತಿದ್ರು. ನೀರು ಬೆಳ್ಳಗಿತ್ತು."

ಬೆಳ್ಳಗಿನ ನೀರು! ಅದು ಎಲ್ಲಿಂದ ಬಂತೋ ನನಗೇ ತಿಳಿಯದು. ಒಂದು ಸುಳ್ಳಿಗೆ ಬಾಯಿ ತೆರೆದೆ, ಎರಡನೆಯದು ತಾನಾಗಿ ಬಂತು. ನಿನ್ನ ಕಸುಬು ಇಷ್ಟು ಸಲೀಸು ಎಂದು ನನಗೆ ತಿಳಿದಿರಲಿಲ್ಲ.

ಎಡಚ ಬಿಕ್ಕಿ ಬಿಕ್ಕಿ ಅತ್ತ. "ಹಾಗಾದ್ರೆ ನಾನಲ್ಲ, ನಾನಲ್ಲ" ಎನ್ನುತ್ತಾ ಮುರುಕು ಕೈಯನ್ನು ಎದೆಗೆ ಒತ್ತಿಕೊಂಡ. ಮಾರನೆಯ ವಾರ ಕೋರ್ಟಿನಲ್ಲಿ ಹೇಳಿಕೆ ಬದಲಿಸಿದ, ಕೈ ತಾನಾಗಿಯೇ ವೈಸಿಗೆ ಸಿಕ್ಕಿತು ಎಂದ. ಬೇರೆ ಯಾರೂ ಸಾಕ್ಷಿ ಹೇಳಲು ಬರಲಿಲ್ಲ. ನಿನ್ನೆ ಅವನೂ ಗುಂಡನೂ ನಮ್ಮ ಮನೆಯಲ್ಲಿ ಒಟ್ಟಿಗೆ ಕೂತು ಉಂಡರು. ನಾನು ಹೇಳಿದ್ದನ್ನೆಲ್ಲ ಅವನಿಂದ ಕೇಳಿಕೊಂಡ ಗುಂಡನೇ ಅವನಿಗೆ ಕಲಸಿ ಕೊಟ್ಟ. ಮೇಷ್ಟ್ರು ಈಗೆಲ್ಲಿದ್ದಾರೆ ಎಂದು ಕೇಳುತ್ತಿದ್ದ, ಎಡಚ ಮನೆಯ ಗುರುತು ಹೇಳುತ್ತಿದ್ದ. ಹಳೆಯ ಮಾತೆಲ್ಲ ಬರುತ್ತಿದೆ, ಮನಸ್ಸು ಹಗುರಾಗಲಿ ಎಂದು ನಾನು ಒಳಗೆ ಪಾತ್ರೆ ತೊಳೆಯಲು ಹೋದೆ. ಬಹಳ ದಿನದ ಮೇಲೆ ಮನೆಯಲ್ಲಿ ಮಾತು ಕೇಳಿಸುತ್ತಿದೆ.

ನಿನ್ನ ಅಕ್ಕ


ಆಗಸ್ಟ್ 5

ಅಕ್ಕಾ,

ಮೇಷ್ಟ್ರು ಬದುಕಿದ್ದಾರೆಯೇ?

ಅವರು ತೀರಿಕೊಂಡು ಹನ್ನೆರಡು ವರ್ಷವಾಯಿತೆಂದು ಹಳೆಯ ಪತ್ರಿಕೆಯೊಂದರಲ್ಲಿ ಓದಿದ್ದೆ. ಅದಕ್ಕೇ ಪುಡಿಯನ್ನು ಅವರ ಕೈಗೆ ಕೊಟ್ಟದ್ದು. ಸತ್ತವರಿಗೆ ನೋವಾಗುವುದಿಲ್ಲ ಎಂದುಕೊಂಡೆ. ನಿಮ್ಮ ಪತ್ರ ಬಂದ ಮೇಲೆ ಹುಡುಕಿ ನೋಡಿದರೆ ಅದು ಬೇರೆ ಊರಿನ ಬೇರೆ ತರಬೇತುದಾರ.

ಮನೆಯ ಗುರುತು ಕೇಳಿದ್ದು ಮನಸ್ಸು ಹಗುರಾಗಲೆಂದಲ್ಲ ಅಕ್ಕಾ! ಇಬ್ಬರನ್ನೂ ಕೂರಿಸಿಕೊಂಡು ನಿಜ ಹೇಳಿಬಿಡಿ. ಪ್ಲಾಸ್ಟರ್ ಇರಲಿಲ್ಲ, ನಾನು ಕಟ್ಟಿದ್ದು, ಸಹಿ ಹಾಕಿದವರು ನೀವು, ಎಲ್ಲ ಹೇಳಿ. ಗುಂಡ ನಿಮ್ಮನ್ನು ಬಿಟ್ಟುಹೋದರೆ ಹೋಗಲಿ. ತಂತಿಯನ್ನೂ ಕಳಿಸುತ್ತಿದ್ದೇನೆ.


ಆಗಸ್ಟ್ 7

ನಿಮ್ಮ ತಂತಿ ನಿನ್ನೆ ಸಂಜೆ ಬಂತು. ಬಾಗಿಲಲ್ಲಿ ಪೊಲೀಸರು ನಿಂತಿದ್ದರು, ಅವರೇ ಸಹಿ ಹಾಕಿ ತೆಗೆದುಕೊಂಡರು.

ಗುಂಡನೂ ಎಡಚನೂ ಬೆಳಗಿನ ತಿಂಡಿ ತಿಂದು ಒಟ್ಟಿಗೆ ಹೊರಟಿದ್ದರು. ಮೇಷ್ಟ್ರಿಗೆ ಎಂಬತ್ತು ದಾಟಿತ್ತಂತೆ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದರು. ಎಡಚನನ್ನು ಕಂಡು ಎದ್ದು ಬಂದು ತಬ್ಬಿಕೊಳ್ಳಲು ಕೈ ಚಾಚಿದರಂತೆ. ಗುಂಡ ಹಿಂದಿನಿಂದ ಹಿಡಿದುಕೊಂಡ, ಎಡಚ ಉಳಿದಿರುವ ಬಲಗೈಯಲ್ಲಿ ಹೊಡೆದ.

ಮನೆಗೆ ಬಂದು ನನ್ನ ನಲ್ಲಿಯಲ್ಲೇ ಕೈ ತೊಳೆದುಕೊಂಡರು. "ಅತ್ತೆ, ಒಪ್ಕೊಂಡ" ಅಂದ ಗುಂಡ. ಮುಖ ಅರಳಿತ್ತು. "ಪ್ಲಾಸ್ಟರ್ ಹಾಕಿದ್ದೆ ಅಂತ ಅವನೇ ಒಪ್ಕೊಂಡ. ಆಮೇಲೆ ಉಸಿರು ನಿಂತಿತು."

ಆಗ ಹೇಳಿದೆ. ಎಲ್ಲವನ್ನೂ ಹೇಳಿದೆ. ನಾನು ಆಚೆ ಹೋಗಲಿಲ್ಲ, ಪಟ್ಟಿಯಲ್ಲಿದ್ದದ್ದು ಬರೀ ಬಟ್ಟೆ, ಬೆಳ್ಳಗಿನ ನೀರು ನಾನು ಕಟ್ಟಿದ್ದು. ಎದೆ ಬಡಿದುಕೊಂಡು ಹೇಳಿದೆ. "ಸುಳ್ಳು ಹೇಳ್ಬೇಡ ಅತ್ತೆ" ಅಂದ ಗುಂಡ. ಎಡಚ ನಲ್ಲಿ ನಿಲ್ಲಿಸಿ ನನ್ನನ್ನೇ ನೋಡಿದ. "ಹಾಗಾದ್ರೆ ಮೇಷ್ಟ್ರು ಯಾಕೆ ಒಪ್ಕೊಂಡ್ರು?" ಎಂದ. ಅವನಿಗೇ ತಿಳಿಯುತ್ತಾ ಬಂತು. ಒದ್ದೆ ನೆಲದಲ್ಲಿ ಹಾಗೇ ಕುಸಿದು ಕೂತ.

ನಾನೇ ಠಾಣೆಗೆ ನಡೆದೆ. ನಡೆದದ್ದೆಲ್ಲ ಬರೆಸಿ ಬಂದಿದ್ದೇನೆ, ಇಪ್ಪತ್ತೆಂಟು ವರ್ಷದ ಹಿಂದಿನದೂ ಸೇರಿ. ಇಬ್ಬರನ್ನೂ ಕರೆದುಕೊಂಡು ಹೋಗುವಾಗ ಗುಂಡ ನನ್ನ ಕಡೆ ತಿರುಗಲಿಲ್ಲ. ಊರವರು ಮಾತ್ರ ಮೇಷ್ಟ್ರ ಮನೆಗೆ ಕಲ್ಲು ಹೊಡೆಯುತ್ತಿದ್ದಾರೆ. ಹೆಣ ಎತ್ತಲೂ ಯಾರೂ ಹೋಗಿಲ್ಲ, ಮೋಸಗಾರನಂತೆ. ಒಪ್ಪಿಕೊಂಡನಂತೆ. ನನ್ನ ಮಾತನ್ನು ಯಾರೂ ನಂಬುವುದಿಲ್ಲ, ಮುದುಕಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ಮೇಷ್ಟ್ರ ಹೆಂಡತಿ ಬದುಕಿದ್ದಾರೆ, ನಡೆಯಲಾರದ ಮುದುಕಿ, ಬಾಗಿಲು ಹಾಕಿಕೊಂಡು ಒಳಗಿದ್ದಾರೆ.

ನೀವು ಬಂದು ಹೇಳಿ. ಬರೆದವರು ಹೇಳಿದರೆ ಜನ ನಂಬಬಹುದು.


ಸೆಪ್ಟೆಂಬರ್ 2

ಮಾನ್ಯರೇ,

ಉತ್ತರ ತಡವಾದುದಕ್ಕೆ ಕ್ಷಮೆಯಿರಲಿ. ನನ್ನ ಆರೋಗ್ಯ ಸರಿಯಿಲ್ಲ. ಈ ಪ್ರಕರಣದಲ್ಲಿ ಏನನ್ನೂ ಹೇಳಕೂಡದೆಂದು ನನ್ನ ವಕೀಲರ ಕಟ್ಟುನಿಟ್ಟಾದ ಸಲಹೆ. ನನ್ನನ್ನೂ ಸಿಕ್ಕಿಸಬಹುದಂತೆ. ಹೆಂಡತಿ ಮಕ್ಕಳ ಮುಖ ನೋಡಬೇಕಲ್ಲ. ಬರಲಾಗುತ್ತಿಲ್ಲ. ಹೇಡಿ ಎಂದುಕೊಳ್ಳಿ, ನಾನು ಅಲ್ಲಗಳೆಯುವುದಿಲ್ಲ.

ಕಾದಂಬರಿ ಪುಸ್ತಕವಾಗಿ ಬಂದಿದೆ, ಕೈಗೆ ಸಿಗದ ಹಾಗೆ ಖರ್ಚಾಗುತ್ತಿದೆ. ಮೇಷ್ಟ್ರು ಒಪ್ಪಿಕೊಂಡರೆಂಬ ಸುದ್ದಿಯಾದ ಮೇಲೆ ಪ್ರಕಾಶಕರು ನನ್ನನ್ನು ಕೇಳದೆಯೇ ಮುಖಪುಟದಲ್ಲಿ "ನಡೆದ ಕಥೆ" ಎಂದು ಹಾಕಿದ್ದಾರೆ. ಮುಂದಿನ ಮುದ್ರಣಕ್ಕೆ ಒಂದು ಕೊನೆಯ ಅಧ್ಯಾಯ ಬೇಕೆಂದು ದುಂಬಾಲು ಬಿದ್ದಿದ್ದಾರೆ. ಎಷ್ಟು ಬೇಡವೆಂದರೂ ಬಿಡುತ್ತಿಲ್ಲ. ಬರೆಯುವುದೇ ಆದರೆ ಈ ಸಲ ತಪ್ಪು ಮಾಹಿತಿ ನುಸುಳಬಾರದೆಂಬುದು ನನ್ನ ಕಾಳಜಿ.

ಕೇಳಲು ಸಂಕೋಚವಾಗುತ್ತದೆ. ಒಪ್ಪಿಕೊಳ್ಳುವಾಗ ಮೇಷ್ಟ್ರು ಆಡಿದ ಮಾತುಗಳು ಯಾವುವು? ಎಡಚನನ್ನು ಕಂಡಿದ್ದರೆ ಕೇಳಿ ತಿಳಿಸುವಿರಾ?

ಇತಿ,
ಕಾದಂಬರಿಕಾರ


ಸೆಪ್ಟೆಂಬರ್ 11

ಜೈಲಿಗೆ ಹೋಗಿ ಎಡಚನನ್ನು ಕಂಡೆ. ಕೇಳಿದೆ.

ಮೇಷ್ಟ್ರು ಯಾವ ಮಾತನ್ನೂ ಆಡಲಿಲ್ಲ. ಮೂರನೇ ಏಟಿಗೇ ದವಡೆ ಮುರಿದು ಕೆಳಗೆ ಜೋತುಬಿದ್ದಿತ್ತು, ಗಂಟಲಲ್ಲಿ ರಕ್ತ ಗೊರಗುಟ್ಟುತ್ತಿತ್ತು. "ಪ್ಲಾಸ್ಟರ್ ಹಾಕಿದ್ಯಾ ಇಲ್ವಾ" ಎಂದು ಗುಂಡ ಹಿಂದಿನಿಂದ ಕೂದಲು ಹಿಡಿದು ಕುಲುಕುತ್ತಾ ಕೇಳಿದ. ಕುಲುಕಿದ ಹಾಗೆಲ್ಲ ತಲೆ ಮೇಲೆ ಕೆಳಗೆ ಆಡಿತು. ಅದನ್ನೇ ಇಬ್ಬರೂ ಹೂಂ ಎಂದುಕೊಂಡರು.

ಇದನ್ನಾದರೂ ಇದ್ದ ಹಾಗೆ ಬರಿ.